ಹುಟ್ಟುಹಬ್ಬ ಮುಗಿಯಲಿ

ಲಿಂಗಸುಗೂರಿನಲ್ಲಿ ಅಣ್ಣನ ಮಗನ ಹುಟ್ಟುಹಬ್ಬ ಮುಗಿಸಿಕೊಂಡು ಬಂದ ಅಂಜಲಿ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸಿಂಧನೂರಿನ ಆ ಬಾಡಿಗೆ ಮನೆಯಲ್ಲಿ ಮಾತು ನಿಂತರೆ ಏನರ್ಥ ಎಂದು ಎಲ್ಲರಿಗೂ ಗೊತ್ತಿತ್ತು. ಖರ್ಚು ಬರಲಿದೆ ಎಂದು. ಹಿಂದೊಮ್ಮೆ ಹೀಗೆ ಮಾತು ನಿಂತಾಗ ಫ್ರಿಜ್ ಬಂದಿತ್ತು, ಅದಕ್ಕೂ ಹಿಂದೆ ಮಗಳಿಗೆ ಇಂಗ್ಲಿಷ್ ಶಾಲೆ ಬಂದಿತ್ತು.

ಅಂಜಲಿಯ ಗಂಡ ಆನಂದಕುಮಾರ ಜವಳಗೇರಾದ ಸರಕಾರಿ ಶಾಲೆಯೊಂದರಲ್ಲಿ ಗುಮಾಸ್ತ. ಅವಳು ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮಗಳು ದೀಪಾ ಅದೇ ಶಾಲೆಯಲ್ಲಿ ಯುಕೆಜಿ. ಆನಂದನ ಅಪ್ಪ ಪಂಪಣ್ಣ, ಅವ್ವ ಕನಕಮ್ಮ ವಳಕಮದಿನ್ನಿಯ ಮನೆಗೆ ಬೀಗ ಹಾಕಿ ಮಗನ ಹತ್ತಿರ ಬಂದು ನಾಲ್ಕು ವರ್ಷವಾಗಿತ್ತು. ಪಂಪಣ್ಣ ಈಗಲೂ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋಗಿ ಎರಡೆಕರೆ ಗದ್ದೆ ನೋಡಿಕೊಂಡು ಸಂಜೆ ಬರುತ್ತಿದ್ದ. ಕನಕಮ್ಮನಿಗೆ ಅಡಿಗೆ, ಪಾತ್ರೆ, ಮೊಮ್ಮಗಳು.

ಮೂರನೆಯ ದಿನ ಊಟಕ್ಕೆ ಕೂತಾಗ ಅಂಜಲಿ ಬಾಯಿ ಬಿಟ್ಟಳು. ಅಣ್ಣ ರಾಜೇಶ ದೊಡ್ಡ ಹಾಲ್ ಹಿಡಿದಿದ್ದನಂತೆ. ಬಾಗಿಲಿಗೆ ಬಲೂನಿನ ಕಮಾನಂತೆ, ಕರಡಿ ವೇಷದವನೊಬ್ಬ ಬಂದಿದ್ದ ಮಕ್ಕಳೆಲ್ಲರ ಕೈ ಕುಲುಕಿದನಂತೆ. ದೀಪಾಳದು ಯಾವಾಗ ಎಂದು ಬಂದವರೆಲ್ಲ ಕೇಳಿದರಂತೆ. ಮನೆಯಲ್ಲೇ ಮಾಡುತ್ತೇವೆ ಎಂದಿದ್ದಕ್ಕೆ ಅವಳ ಅವ್ವ ರೇಣುಕಾದೇವಿ ಕೇಳಿಸಲೇ ಇಲ್ಲವೆಂಬಂತೆ ಎದ್ದು ಹೋದಳಂತೆ.

"ಮನ್ಯಾಗ ಮಾಡಿದ್ರ ಕೂಸು ಬೆಳೆಯಂಗಿಲ್ಲೇನು?" ಎಂದ ಆನಂದ, ರೊಟ್ಟಿಯಿಂದ ತಲೆ ಎತ್ತದೆ.

"ಮೊದಲನೇ ವರ್ಷದ್ದು ಕರೋನಾದಾಗ ಹೋತು. ಎರಡನೇದು ನಿಮ್ಮ ಕಾಕಾ ತೀರಿಕೊಂಡ ಸೂತಕದಾಗ ಹೋತು, ತಂದ ಕೇಕ್ ಬಾಜೂ ಮನಿಗೆ ಕೊಟ್ವಿ. ಆಮ್ಯಾಲೆ ಎರಡು ವರ್ಷ ಮನ್ಯಾಗ ಉಪ್ಪಿಟ್ಟು. ಊರ ಮಂದಿ ಮಕ್ಕಳ ಹುಟ್ಟುಹಬ್ಬಕ್ಕೆಲ್ಲ ಹೋಗಿ ಉಂಡು ಬಂದೀನಿ ನಾನು. ನಮ್ಮದಕ್ಕ ಕರೀಲಾರದ ಮುಂದಿನ ಸಲ ಯಾವ ಮಾರಿ ಹೊತ್ತುಕೊಂಡು ಹೋಗಲಿ?"

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಶಾಲೆಯ ಟೀಚರುಗಳು, ಓಣಿಯವರು, ತವರಿನವರು ಎಂದು ತಿಂಗಳಿಗೆ ಒಂದಾದರೂ ಕೇಕು ಇದ್ದೇ ಇರುತ್ತಿತ್ತು. ಪ್ರತಿಯೊಂದಕ್ಕೂ ಅವಳು ಗಿಫ್ಟ್ ಪೇಪರ್ ಸುತ್ತಿ, ಮಗಳಿಗೆ ತಲೆ ಬಾಚಿ, ಇದ್ದ ಎರಡು ಒಳ್ಳೆಯ ಸೀರೆಗಳನ್ನೇ ತಿರುಗಿಸಿ ಮುರುಗಿಸಿ ಉಟ್ಟು ಹೋಗಿದ್ದಳು.

ಪಂಪಣ್ಣ ಜಗಳ ತಿಳಿಮಾಡಲೆಂದು ನಡುವೆ ಬಾಯಿ ಹಾಕಿದ. ಆನಂದ ಹುಟ್ಟಿದ್ದು ನಾಟಿ ದಿನಗಳಲ್ಲಿ, ತಾರೀಕು ಯಾರಿಗೂ ನೆನಪಿಲ್ಲ, ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ ಒಂದು ಎಂದು ತಾವೇ ಬರೆದುಕೊಂಡರು, ಹುಟ್ಟಿದ ದಿನ ಇಲ್ಲದೆಯೂ ಇವನಿಗೆ ನೌಕರಿ ಸಿಕ್ಕಿತಲ್ಲ ಎಂದ. ಯಾರೂ ನಗಲಿಲ್ಲ. ಅಂಜಲಿ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದಳು. ಅಲ್ಲಿಗೆ ವಿಷಯ ಇತ್ಯರ್ಥವಾದಂತೆಯೇ.

ವಾರದೊಳಗೆ ಹಾಲ್ ಗೊತ್ತಾಯಿತು, ಅಡಿಗೆಯವರು ಗೊತ್ತಾದರು. ಅಂಜಲಿಯ ಎರಡು ತಿಂಗಳ ಪಗಾರ ಹಾಲ್ ಬಾಡಿಗೆಗೂ ಫೋಟೊದವನಿಗೂ ಹೋಯಿತು. ಊಟದ ಖರ್ಚಿಗೆ ಪಂಪಣ್ಣ ಮನೆಯ ಉಣ್ಣುವ ಪಾಲೆಂದು ಇಟ್ಟಿದ್ದ ಭತ್ತದ ಚೀಲಗಳನ್ನು ಮಾರಿದ. ಅವತ್ತಿನಿಂದ ಕನಕಮ್ಮ ರೇಷನ್ ಅಕ್ಕಿ ಬೇಯಿಸತೊಡಗಿದಳು. ಜೀವನವಿಡೀ ಭತ್ತ ಬೆಳೆದ ಮನೆ ಅದು. ತಟ್ಟೆಯ ದಪ್ಪ ಅನ್ನ ನೋಡಿ ಆನಂದ ಮುಖ ಸಿಂಡರಿಸಿದರೆ, ಹುಟ್ಟುಹಬ್ಬ ಮುಗಿಯಲಿ, ಆಮೇಲೆ ಸಣ್ಣಕ್ಕಿ ತರೋಣ ಎಂದು ಅಂಜಲಿ ಹೇಳುತ್ತಿದ್ದಳು. ಆ ಮನೆಯಲ್ಲಿ ಈ ಮಾತು ಮೊದಲು ಹುಟ್ಟಿದ್ದು ಅನ್ನದ ತಟ್ಟೆಯ ಮುಂದೆ. ಆಮೇಲೆ ಎಲ್ಲದಕ್ಕೂ ಅದೇ ಉತ್ತರವಾಯಿತು. ಮಾಡಿಗೆ ಹಾಕಿದ ತಗಡು ಸೋರಿದರೂ ಅದೇ, ಪಂಪಣ್ಣನ ಕನ್ನಡಕ ಒಡೆದರೂ ಅದೇ.

ಹೀಗಿರುವಾಗ ಮಸ್ಕಿಯಿಂದ ಮಲ್ಲೇಶನ ಫೋನು ಬಂತು. ಮಲ್ಲೇಶ ಎಂದರೆ ಕನಕಮ್ಮನ ತಂಗಿ ಅಯ್ಯಮ್ಮನ ಮಗ. ಅಯ್ಯಮ್ಮನಿಗೆ ದೀಪಾವಳಿಯಿಂದ ಹೊಟ್ಟೆಯ ಕಾಯಿಲೆ. ರಾಯಚೂರಿನ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ, ಬೇಕೆಂದಿದ್ದು ಉಣ್ಣಲು ಕೊಡಿ ಎಂದು ಹೇಳಿ ಕಳಿಸಿದ್ದರು. ಆ ಮಾತಿನ ಅರ್ಥ ಮಲ್ಲೇಶನಿಗೆ ತಿಳಿದಿತ್ತು. ಅವ್ವ ದೊಡ್ಡವ್ವನನ್ನೇ ನೆನೆಸುತ್ತಿದ್ದಾಳೆ, ನಾಲ್ಕು ದಿನ ಬಂದು ಇದ್ದು ಹೋಗಲಿ ಎಂದ.

ಈ ಅಕ್ಕತಂಗಿಯರಿಗೆ ಅಣ್ಣತಮ್ಮಂದಿರಿಲ್ಲ. ಅಯ್ಯಮ್ಮ ಇನ್ನೂ ಅಂಬೆಗಾಲಿಡುವಾಗ ತಾಯಿ ಸತ್ತಳು. ತಂದೆ ಅಂಬಪ್ಪನಿಗೆ ದುಡಿಮೆಯೊಂದು ಗೊತ್ತು, ಮಕ್ಕಳ ತಲೆ ಬಾಚುವುದು ಗೊತ್ತಿರಲಿಲ್ಲ. ಕನಕಮ್ಮನೇ ತಂಗಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಗದ್ದೆ ನಾಟಿಗೆ ಹೋದವಳು, ಅವಳನ್ನು ಮಸ್ಕಿಗೆ ಕೊಟ್ಟಾಗ ತಾಯಿಯ ಜಾಗದಲ್ಲಿ ನಿಂತು ಉಡಿ ತುಂಬಿದವಳು. ಅಂಬಪ್ಪನೂ ಹೋದ ಮೇಲೆ ಅಯ್ಯಮ್ಮನಿಗೆ ತವರು ಎಂದರೆ ಈ ಅಕ್ಕ ಒಬ್ಬಳೇ.

ಕನಕಮ್ಮ ಅವತ್ತೇ ಕೈಚೀಲಕ್ಕೆ ಎರಡು ಸೀರೆ ತುಂಬಿಕೊಂಡಳು. ಸಿಂಧನೂರಿನಿಂದ ಮಸ್ಕಿಗೆ ಒಂದು ತಾಸಿನ ದಾರಿ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಅಂಜಲಿ ಬೇಡವೆನ್ನಲಿಲ್ಲ. ಬೇಡವೆನ್ನುವುದು ಅವಳ ಸ್ವಭಾವವಲ್ಲ. ದೀಪಾಳ ಕ್ಲಾಸು ಮಧ್ಯಾಹ್ನಕ್ಕೇ ಬಿಡುತ್ತದೆ, ತನ್ನದು ಸಂಜೆ ಬಿಡುವುದು, ನಡುವೆ ಕೂಸನ್ನು ಯಾರು ನೋಡಬೇಕು ಎಂದಷ್ಟೇ ಕೇಳಿದಳು. ಈಗ ರಜೆ ಹಾಕಿದರೆ ಹುಟ್ಟುಹಬ್ಬಕ್ಕೆ ರಜೆ ಸಿಗುವುದಿಲ್ಲ ಎಂದಳು. ಲಿಂಗಸುಗೂರಿನವರಿಗೆ ಕೊಟ್ಟು ಕಳಿಸಲು ಶೇಂಗಾ ಹೋಳಿಗೆ ಬೇಕು, ಅತ್ತೆಯ ಕೈಯ ಹದ ತನಗೆ ಬರುವುದಿಲ್ಲ ಎಂದೂ ಸೇರಿಸಿದಳು. ಒಂದೊಂದೂ ನಿಜ.

"ಹುಟ್ಟುಹಬ್ಬ ಮುಗೀಲವ್ವ," ಎಂದ ಆನಂದ. "ಮರುದಿನಾನೇ ನಾ ಕರಕೊಂಡು ಹೋಗಿ ಬಿಟ್ಟು ಬರ್ತೀನಿ. ತಿಂಗಳತನ ಇದ್ದು ಬಾ ಬೇಕಾದ್ರ."

ಕನಕಮ್ಮ ಚೀಲದಿಂದ ಸೀರೆ ತೆಗೆಯದೆ, ಚೀಲವನ್ನೇ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು.

ಮುಂದಿನ ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಹೋಗಿ ಸಂಜೆಗೆ ಬಂದುಬಿಡುತ್ತೇನೆಂದು ಗಟ್ಟಿಮಾಡಿಕೊಂಡಳು. ಕೋಳಿ ಕೂಗುವ ಮುಂಚೆ ಎದ್ದು ಪುಂಡಿಪಲ್ಯ ಮಾಡಿದಳು, ಸಜ್ಜೆ ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿದಳು. ಜಡ್ಡು ಬಿದ್ದ ಬಾಯಿಗೆ ಹುಳಿ ಹತ್ತುತ್ತದೆ ಎಂದು ಅವಳ ಲೆಕ್ಕ. ಅಷ್ಟರಲ್ಲಿ ಫೋಟೊದವನ ಫೋನು ಬಂತು. ಬೆಳಕು ಚೆನ್ನಾಗಿದೆ, ಫ್ಲೆಕ್ಸಿಗೂ ಆಮಂತ್ರಣಕ್ಕೂ ಇವತ್ತೇ ಫೋಟೊ ತೆಗೆಯೋಣ, ಮನೆಮಂದಿ ಎಲ್ಲ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ಬನ್ನಿ ಎಂದ. ಅಂಜಲಿ ಅದಕ್ಕೆಂದೇ ಎಲ್ಲರಿಗೂ ನೇರಳೆ ಬಣ್ಣದ್ದು ತಂದಿಟ್ಟಿದ್ದಳು. ಕನಕಮ್ಮ ಮಸ್ಕಿಗೆಂದು ಉಟ್ಟಿದ್ದ ಸೀರೆ ಬಿಚ್ಚಿ ನೇರಳೆ ಸೀರೆ ಉಟ್ಟಳು. ಕೆರೆಯ ದಂಡೆಯ ಮೇಲೆ ಮಧ್ಯಾಹ್ನದವರೆಗೂ ಅವರನ್ನು ನಿಲ್ಲಿಸಿ, ಕೂರಿಸಿ, ಬಲೂನು ಬಿಡಿಸಿ ಫೋಟೊ ತೆಗೆದರು. ಅಜ್ಜಿ ಸ್ವಲ್ಪ ನಗಬೇಕು ಎಂದು ಫೋಟೊದವನು ಎಷ್ಟು ಸಲ ಹೇಳಿದರೂ ಅಜ್ಜಿಗೆ ಆಗಲಿಲ್ಲ.

ರೊಟ್ಟಿಯ ಗಂಟನ್ನು ಪಂಪಣ್ಣ ಬಸ್‍ಸ್ಟ್ಯಾಂಡಿಗೆ ಒಯ್ದು ಪರಿಚಯದ ಕಂಡಕ್ಟರನ ಕೈಗೆ ಕೊಟ್ಟು ಬಂದ. ಮಸ್ಕಿಯಲ್ಲಿ ಮಲ್ಲೇಶ ಇಳಿಸಿಕೊಂಡ.

ಸಂಜೆ ಮಲ್ಲೇಶನೇ ಆನಂದನ ಫೋನಿಗೆ ವಿಡಿಯೊ ಕರೆ ಮಾಡಿದ. ಕನಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಹತ್ತಿರ ಕೂತಳು. ಪರದೆಯ ಮೇಲೆ ತಂಗಿಯ ಮುಖ ಗುರುತು ಸಿಗದಷ್ಟು ಬತ್ತಿತ್ತು, ಕಣ್ಣಿನ ಬಿಳಿ ಅರಿಶಿನವಾಗಿತ್ತು.

"ಪಲ್ಯ ಎರಡು ತುತ್ತು ಹೋತಕ್ಕ," ಎಂದಳು ಅಯ್ಯಮ್ಮ. "ನೀ ಯಾವಾಗ ಬರ್ತಿ?"

"ಕೂಸಿನ ಹುಟ್ಟುಹಬ್ಬ ಮುಗೀಲೆವ್ವ. ಮರುದಿನಾನೇ ಬರ್ತೀನಿ. ಇದ್ದು ಬಿಡ್ತೀನಿ ನಿನ್ನ ಹತ್ರ."

"ಮುಗೀಲಿ, ಮುಗೀಲಿ. ಕೂಸಿನ ಹಬ್ಬ ಅಲ್ಲೇನು." ಒಂದು ಉಸಿರು ಎಳೆದುಕೊಂಡು, "ನೀ ಬಂದ್ರ ನನ್ನ ತವರು ಬಂದಂಗ ನೋಡು," ಎಂದಳು.

ಕನಕಮ್ಮ ಫೋನು ವಾಪಸು ಕೊಟ್ಟು ಹಿತ್ತಿಲಿಗೆ ಹೋದಳು. ಪಾತ್ರೆ ಇರಲಿಲ್ಲ, ಆದರೂ ನಲ್ಲಿ ತಿರುವಿ ಬಹಳ ಹೊತ್ತು ಕೂತಿದ್ದಳು. ಅವಳ ಸಂಕಟ ಮನೆಯವರಿಗೆ ಕಾಣಲಿಲ್ಲ ಎನ್ನುವಂತಿಲ್ಲ. ಕಂಡಿತು. ಇನ್ನು ಎಂಟು ದಿನವಿದೆಯಲ್ಲ ಎಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ಆ ಎಂಟು ದಿನ ಹೇಗೆ ಹೋದವೋ. ಬಂದ ಮಕ್ಕಳಿಗೆ ಕೊಡಲು ನೀರಿನ ಬಾಟಲಿಗಳ ಡಬ್ಬಿಗಳು ಬಂದು ಪಂಪಣ್ಣ ಮಲಗುವ ಜಾಗವನ್ನು ತುಂಬಿದವು. ಕನಕಮ್ಮ ಎರಡು ದಿನ ಕೂತು ಹೋಳಿಗೆ ಸುಟ್ಟಳು. ಆನಂದ ಮತ್ತು ಅಂಜಲಿ ದಿನಾ ಒಂದಕ್ಕೆ ಜಗಳವಾಡಿದರು. ಒಂದು ದಿನ ಮಂಚೂರಿ ಬೇಕೋ ಬಜ್ಜಿ ಬೇಕೋ ಎಂದು, ಇನ್ನೊಂದು ದಿನ ಹೆಡ್‍ಮಾಸ್ತರರನ್ನು ಕರೆಯದೆ ಬಿಟ್ಟಿದ್ದಕ್ಕೆ. ದೀಪಾಳಿಗೆ ಮಾತ್ರ ಒಂದೇ ಚಿಂತೆ, ಬಲೂನು ಒಡೆದರೆ ಜೋರು ಸದ್ದಾಗುತ್ತದಲ್ಲ ಎಂದು.

ಹುಟ್ಟುಹಬ್ಬದ ಬೆಳಿಗ್ಗೆ ಆನಂದ ಹಾಲ್ ಒಳಗೆ ಕುರ್ಚಿ ಇಳಿಸಿಕೊಳ್ಳುತ್ತಿದ್ದ. ಹಿಂದುಗಡೆ ಒಲೆ ಹೊತ್ತಿಸಿ ಬೂಂದಿಗೆ ಎಣ್ಣೆ ಇಟ್ಟಿದ್ದರು. ಆಗ ಮಲ್ಲೇಶನ ಫೋನು ಬಂತು.

"ಅವ್ವ ಹೋದಳಣ್ಣ," ಎಂದ ಮಲ್ಲೇಶ. ಧ್ವನಿಯಲ್ಲಿ ಅಳು ಇರಲಿಲ್ಲ, ಅತ್ತು ಮುಗಿದಿತ್ತು. "ಬೆಳಕು ಹರಿಯೋ ಹೊತ್ತಿಗೆ. ದೊಡ್ಡವ್ವನ ಕರಕೊಂಡು ಬಾ. ತವರ ಸೀರಿ ಆಕಿನೇ ಹಾಕಬೇಕು, ಬ್ಯಾರೆ ಯಾರ ಅದಾರ?"

ಆನಂದ ಆಯಿತು ಎಂದ. ಈಗಲೇ ಹೊರಡುತ್ತೇವೆ ಎಂದೂ ಹೇಳಿದ. ಹೇಳುವಾಗ ಅವನ ಮನಸ್ಸಿನಲ್ಲಿ ಹಾಗೆಯೇ ಇತ್ತು ಎಂದು ನಂಬೋಣ.

ಆ ಕಡೆ ಮದುವೆಯಾದ ಹೆಣ್ಣು ಸತ್ತರೆ ಮೈಮೇಲೆ ಕಡೆಯ ಸೀರೆ ತವರಿನದು ಬೀಳಬೇಕು. ತವರಿನವರು ಎಷ್ಟು ದೂರದಲ್ಲಿದ್ದರೂ ಅವರು ಸೀರೆ ಹಿಡಿದುಕೊಂಡು ಬರುವವರೆಗೂ ಹೆಣ ಎತ್ತುವುದಿಲ್ಲ, ಕಾಯುತ್ತಾರೆ. ಇದು ಆನಂದನಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಗೊತ್ತಿದ್ದಿದ್ದೇ ತಪ್ಪಾಯಿತು.

ಅವನು ಅಪ್ಪನನ್ನು ಒಲೆಗಳ ಆಚೆಗೆ ಕರೆದುಕೊಂಡು ಹೋಗಿ ಹೇಳಿದ. ಪಂಪಣ್ಣ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

"ನಡಿ ಮತ್ತ," ಎಂದ.

"ಎಲ್ಲಿಗೆ ನಡಿ ಅಂತಿ? ಇನ್ನೂರು ಮಂದಿಗೆ ಅಡಿಗಿ ಏರೈತಿ. ಅವ್ವಗ ಹೇಳಿದ್ರ ಮನ್ಯಾಗ ಅಳು ಏಳತೈತಿ. ಅಳೋ ಮನ್ಯಾಗ ಕೇಕ್ ಹೆಂಗ ಕೊಯ್ಯೋದು?"

"ನಮಗೇನು ಸೂತಕ ಬರಂಗಿಲ್ಲಲೇ, ಆಕಿ ಕೊಟ್ಟ ಹೆಣ್ಣು. ನಿಮ್ಮವ್ವನ್ನಷ್ಟ ಬಸ್ ಹತ್ತಿಸು. ಇಲ್ಲಿದು ಇಲ್ಲಿ ನಡೀಲಿ."

"ಅಜ್ಜಿ ಎಲ್ಲಿ ಅಂತ ಕೇಳ್ತಾರ. ಮಣ್ಣಿಗೆ ಹೋಗ್ಯಾಳ ಅಂದ್ರ ಲಿಂಗಸುಗೂರಿನವರು ಊಟಕ್ಕ ಕೂಡಂಗಿಲ್ಲ. ಎರಡನೇ ವರ್ಷದಂಗ ಮತ್ತ ಆದ್ರ ಅಂಜಲಿ ನನ್ನ ಬಾಳಗೊಡಂಗಿಲ್ಲಪ್ಪ. ತವರ ಸೀರಿ ಬರೋತನ ಅವರು ಎತ್ತಂಗಿಲ್ಲ. ಹುಟ್ಟುಹಬ್ಬ ಮುಗೀಲಿ, ಕೂಡ್ಲೆ ಕಾರ್ ಮಾಡ್ಕೊಂಡು ಹೋಗೋಣ."

ಪಂಪಣ್ಣನಿಗೆ ಉತ್ತರ ಗೊತ್ತಿತ್ತು. ಆದರೆ ಮಗನ ಮನೆಯಲ್ಲಿ ಉಣ್ಣಲು ಶುರುಮಾಡಿದ ಮೇಲೆ ಅವನು ಗೊತ್ತಿದ್ದ ಉತ್ತರಗಳನ್ನು ಹೇಳುವುದು ಬಿಟ್ಟಿದ್ದ. ನಿನಗೆ ಹೇಗೆ ತಿಳಿಯುತ್ತದೋ ಹಾಗೆ ಮಾಡು ಎಂದು ಹೋಗಿ ತರಕಾರಿ ಹೆಚ್ಚುವವರ ಹತ್ತಿರ ಕೂತ. ಮಧ್ಯಾಹ್ನ ಅವನ ಸಣ್ಣ ಫೋನು ಎರಡು ಸಲ ಬಡಿದುಕೊಂಡಿತು. ಮಲ್ಲೇಶನದೇ ಎಂದು ನೋಡಿ, ಅದನ್ನು ಬಂದ್ ಮಾಡಿ ಅಂಗಿಯ ಒಳಜೇಬಿಗೆ ಹಾಕಿಕೊಂಡ. ಆನಂದನೂ ತನ್ನದನ್ನು ಸದ್ದಿಲ್ಲದಂತೆ ಮಾಡಿದ್ದ. ಅಂಜಲಿಗೆ ಯಾರೂ ಏನೂ ಹೇಳಲಿಲ್ಲ.

ಸಂಜೆ ಹಾಲ್ ಚೆನ್ನಾಗಿಯೇ ಕಂಡಿತು. ಬಾಗಿಲಲ್ಲಿ ಎಲ್ಲರೂ ನೇರಳೆ ಬಟ್ಟೆಯಲ್ಲಿ ನಿಂತ ದೊಡ್ಡ ಫ್ಲೆಕ್ಸು, ಅದರ ಮುಂದೆ ಅದೇ ಬಟ್ಟೆಯಲ್ಲಿ ಅದೇ ಮಂದಿ. ಶಾಲೆಯ ಟೀಚರುಗಳು ಬಂದರು, ಓಣಿಯವರು ಬಂದರು. ಲಿಂಗಸುಗೂರಿನವರ ಗಾಡಿಯೇ ಬರಲಿಲ್ಲ. ಅವರಿಲ್ಲದೆ ಕೇಕು ಕೊಯ್ಯುವಂತಿಲ್ಲ. ದೀಪಾ ಕಿರೀಟದ ಭಾರಕ್ಕೆ ಕುತ್ತಿಗೆ ವಾಲಿಸಿಕೊಂಡು ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು. ಕನಕಮ್ಮ ಅವತ್ತು ಖುಷಿಯಾಗಿದ್ದಳು. ನಾಳೆ ಮಸ್ಕಿಗೆ ಹೋಗುತ್ತೇನೆ, ತಂಗಿಯ ಹತ್ತಿರ ತಿಂಗಳು ಇರುತ್ತೇನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಕತ್ತಲಾಗುವ ಹೊತ್ತಿಗೆ ರಾಜೇಶ ತನ್ನ ಅವ್ವ, ಹೆಂಡತಿ, ಮಗನೊಂದಿಗೆ ಬಂದ. ಬಂದವನೇ ಬೀಗತಿ ಕನಕಮ್ಮನ ಮುಂದೆ ನಿಂತು ತಡವಾಗಿದ್ದಕ್ಕೆ ಕಾರಣ ಹೇಳಿದ.

"ಮಸ್ಕಿಯೊಳಗ ಗಾಡಿ ನಿಂತ್ವು ನೋಡ್ರಿ. ಯಾರದೋ ಹೆಣ ಒಯ್ಯಾಕತ್ತಿದ್ರು. ಯಾವದೋ ಹೆಣ್ಣುಮಗಳು. ರಸ್ತೆ ತುಂಬ ಮಂದಿ."

"ಪಾಪ, ಯಾರ ಮನಿದೋ ಏನೋ," ಎಂದಳು ಕನಕಮ್ಮ. ಕೈಯನ್ನು ಎದೆಗೆ ಮುಟ್ಟಿಸಿಕೊಂಡಳು. "ಒಳಗ ಬರ್ರಿ, ಕೈಕಾಲು ತೊಳ್ಕೊಳ್ರಿ."

ಆನಂದ ಎರಡು ಮಾರು ದೂರದಲ್ಲಿ ಕೇಕಿನ ಮೇಜಿಗೆ ಬಟ್ಟೆ ಹಾಸುತ್ತಿದ್ದ. ಅವನು ಅಪ್ಪನ ಕಡೆ ನೋಡಿದ. ಪಂಪಣ್ಣ ನೆಲ ನೋಡುತ್ತಿದ್ದ. ಸೀರೆಗೆ ಕಾಯದೆ ಎತ್ತಿಬಿಟ್ಟಿದ್ದರು. ಇನ್ನು ಕಾರು ಮಾಡಿಕೊಂಡು ಹೋಗಲು ಏನೂ ಉಳಿದಿರಲಿಲ್ಲ. ಆನಂದ ಬಟ್ಟೆಯ ಸುಕ್ಕು ತೆಗೆದು ಮೇಣದಬತ್ತಿ ಹಚ್ಚಿದ. ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದರು. ದೀಪಾ ಮೊದಲ ತುಂಡನ್ನು ಅಪ್ಪ ಅಮ್ಮನಿಗೆ ಕೊಡದೆ ಅಜ್ಜಿಯ ಬಾಯಿಗೆ ಇಟ್ಟಳು. ಫೋಟೊದವನು ಇನ್ನೊಮ್ಮೆ ಇಡಲು ಹೇಳಿದ. ಈ ಸಲ ಅಜ್ಜಿ ನಕ್ಕಳು.

ಮರುದಿನ ಬೆಳಿಗ್ಗೆ ಕನಕಮ್ಮ ಎಲ್ಲರಿಗಿಂತ ಮೊದಲು ಸ್ನಾನ ಮಾಡಿ ಸಿದ್ಧಳಾದಳು. ಮೊಳೆಯಿಂದ ಚೀಲ ತೆಗೆದಳು. ಡಬ್ಬಿಯಲ್ಲಿ ಎರಡು ಹೋಳಿಗೆ, ಸ್ವಲ್ಪ ಬೂಂದಿ, ಕೇಕಿನ ಒಂದು ಮೆತ್ತನೆಯ ತುಂಡು ಹಾಕಿ ಮುಚ್ಚಳ ಒತ್ತುತ್ತಿದ್ದಳು. ಕೇಕು ಅಗಿಯುವ ಕಷ್ಟವಿಲ್ಲ, ನಾಲಿಗೆಯ ಮೇಲೆ ಇಟ್ಟರೆ ಕರಗುತ್ತದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ಡಬ್ಬಿ ಬಿಡು," ಎಂದ ಪಂಪಣ್ಣ. ಅವನು ಗೋಡೆಗೆ ಒರಗಿ ಕೂತಿದ್ದ.

"ಯಾಕ?"

"ಆಕಿ ತಿನ್ನಂಗಿಲ್ಲ."

ಕನಕಮ್ಮ ಗಂಡನ ಮುಖ ನೋಡಿದಳು, ಮಗನ ಮುಖ ನೋಡಿದಳು. ಅವರಿಬ್ಬರೂ ಇನ್ನೇನೂ ಹೇಳಬೇಕಾಗಲಿಲ್ಲ. ಅವಳು ತಂಗಿಯ ಹೆಸರು ಹಿಡಿದು ಕೂಗಿದಳು. ಅಂಜಲಿ ಅಡಿಗೆಮನೆಯಿಂದ ಓಡಿಬಂದು ಏನಾಯಿತು ಎಂದು ಕೇಳಿದಳು. ಆನಂದ ಹೇಳಿದ. ನಿನ್ನೆ ಬೆಳಿಗ್ಗೆಯೇ ಎಂದೂ ಹೇಳಿದ. ಅಂಜಲಿ ಗಂಡನ ಕಡೆ ತಿರುಗಿದಳು.

"ನನಗರ ಹೇಳಬೇಕಿಲ್ಲೇನು? ನಾನೇ ಕಾರ್ ಮಾಡಿ ಕಳಿಸ್ತಿದ್ದೆ ಅತ್ತೀನ."

"ಈಗ ಹಂಗಂತಿ. ಎರಡನೇ ವರ್ಷದ ಕೇಕಿನ ಮಾತು ಇನ್ನೂ ಬಿಟ್ಟಿಲ್ಲ ನೀ."

"ಕೇಕಿನ ಮಾತು ಆಡಿದ್ರ ಹೆಣ ಮುಚ್ಚಿಡು ಅಂತ ಹೇಳಿದಂಗೇನು?"

ಇಬ್ಬರ ಧ್ವನಿಯೂ ಏರಿತು. ಕನಕಮ್ಮ ಕೈ ಎತ್ತಿದಳು.

"ನಾ ಒಬ್ಬಾಕಿನೇ ಹೋಗಿ ಸೀರಿ ಹಾಕಿ ಬರ್ತಿದ್ದೆ," ಎಂದಳು ಮಗನಿಗೆ. "ನೀವು ಇಲ್ಲಿ ಕೇಕ್ ಕೊಯ್ಕೊಂಡು ಇರ್ತಿದ್ರಿ. ನಾ ಬ್ಯಾಡ ಅಂತಿದ್ನೇನೋ?" ಆಮೇಲೆ ಗಂಡನ ಕಡೆ ತಿರುಗಿದಳು. "ಇವಗ ತಿಳೀಲಿಲ್ಲ. ನೀವು ಆಕಿ ಮದುವಿಯೊಳಗ ನಿಂತು ಅಕ್ಕಿಕಾಳು ಹಾಕಿದವರು. ನಿಮಗೂ ತಿಳೀಲಿಲ್ಲ."

ಪಂಪಣ್ಣ ಟವೆಲಿನಿಂದ ಮುಖ ಮುಚ್ಚಿಕೊಂಡ. ದೀಪಾ ಎದ್ದು ಬಂದು ಅಜ್ಜಿ ಯಾಕೆ ಅಳುತ್ತಿದ್ದಾಳೆ ಎಂದು ಕೇಳಿದಳು. ಅಂಜಲಿ ಮಗಳನ್ನು ಎತ್ತಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತು ತಾನೂ ಅತ್ತಳು. ಕನಕಮ್ಮ ಪೆಟ್ಟಿಗೆ ತೆಗೆದು, ಮಡಿಕೆ ಮುರಿಯದ ಒಂದು ಹಸಿರು ಸೀರೆ ತೆಗೆದುಕೊಂಡಳು. ಮಣ್ಣು ಮುಚ್ಚಿದ ಮೇಲೆ ಸೀರೆ ಯಾಕೆ ಎಂದು ಅವಳನ್ನು ಯಾರೂ ಕೇಳಲಿಲ್ಲ.

ತಾಯಿ ಮಗ ಬಸ್ಸಿನಲ್ಲಿ ಹೋದರು.

ಸಾವಿನ ಮನೆಗೆ ಬಳಗದ ಹೆಣ್ಣು ಬಂದರೆ ಆ ಮನೆಯ ಹೆಂಗಸರು ಎದ್ದು ಬರುತ್ತಾರೆ, ಕುತ್ತಿಗೆಗೆ ಕುತ್ತಿಗೆ ಹಾಕಿ, ಸತ್ತವರ ಗುಣ ಹಾಡಿಕೊಂಡು ಜೊತೆಗೆ ಅಳುತ್ತಾರೆ. ಬಂದವಳು ಒಬ್ಬಳೇ ಅಳಬಾರದು. ಕನಕಮ್ಮ ಮಸ್ಕಿಯ ಆ ಓಣಿಯ ತುದಿಯಿಂದಲೇ ತಂಗಿಯ ಹೆಸರು ಹಿಡಿದು ಅಳುತ್ತ ಬಂದಳು. ಒಳಗೆ ಏಳೆಂಟು ಹೆಂಗಸರು ಕೂತಿದ್ದರು. ಮಲ್ಲೇಶನ ಹೆಂಡತಿಯೂ ಇದ್ದಳು. ಯಾರೂ ಏಳಲಿಲ್ಲ. ಕನಕಮ್ಮ ಹೊಸ್ತಿಲ ಹತ್ತಿರ ಒಬ್ಬಳೇ ಕೂತು, ಒಬ್ಬಳೇ ಅತ್ತು, ಕೊನೆಗೆ ಒಬ್ಬಳೇ ಸುಮ್ಮನಾದಳು. ಬಾಜೂಮನೆಯ ಹಸೀನಾಬೀ ಮಾತ್ರ ಎದ್ದು ಒಂದು ಚರಿಗೆ ನೀರು ತಂದಿಟ್ಟಳು.

ಗೋಡೆಯ ಬದಿಗೆ, ಅಯ್ಯಮ್ಮನ ಹೆಣ ಕೂರಿಸಿದ್ದ ಜಾಗದಲ್ಲಿ ದೀಪ ಇತ್ತು. ಕನಕಮ್ಮ ಸೀರೆಯನ್ನು ಅದರ ಮುಂದೆ ಇಟ್ಟಳು. ಮಲ್ಲೇಶ ಅದನ್ನು ಎತ್ತಿ ಮೆಲ್ಲಗೆ ಅವಳ ಮಡಿಲಿಗೆ ವಾಪಸು ಇಟ್ಟ.

"ಸೀರಿ ಬಿದ್ದಾವ ದೊಡ್ಡವ್ವ," ಎಂದ. "ಹೊತ್ತು ಇಳಿಯೋತನ ಕಾದ್ವಿ. ಹಿರೇರು ಇನ್ನ ಇಡಬ್ಯಾಡ ಅಂದ್ರು. ತವರ ಸೀರಿ ಇಲ್ಲದ ಹೆಂಗ ಎತ್ತೋದು ಅಂತ ನಿಂತಿದ್ವಿ. ಹಸೀನಾಬೀ ತನ್ನ ಪೆಟ್ಟಿಗ್ಯಾಗಿನ ಹೊಸ ಸೀರಿ ತಂದಳು, ನನ್ನ ತಂಗಿ ಅಂತ ತಿಳ್ಕೋರಿ ಅಂದಳು. ಅದನ್ನ ಹಾಕಿ ಒಯ್ದ್ವಿ."

ಹಸೀನಾಬೀ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇದರಲ್ಲಿ ಹೇಳುವುದೇನಿದೆ, ಸುಮ್ಮನಿರು ಎಂದಳು.

ಮಲ್ಲೇಶ ಸುಮ್ಮನಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತಿದ್ದ ಆನಂದನ ಕಡೆ ನೋಡಿ, ಮತ್ತೆ ಕನಕಮ್ಮನ ಕಡೆ ತಿರುಗಿದ.

"ಒಂದು ಮಾತು ಕೇಳ್ತೀನಿ. ಆನಂದಣ್ಣಗ ನಾ ಮುಂಜಾನೆನೇ ಫೋನ್ ಮಾಡಿದ್ದೆ. ಈಗ ಹೊಂಡತೀವಿ ಅಂದ. ಅವ ನಿನಗ ಹೇಳಲಿಲ್ಲೇನು?"

ಹೆಂಗಸರೆಲ್ಲ ಆ ಕಡೆ ತಿರುಗಿದರು. ಸುದ್ದಿ ಮುಚ್ಚಿಟ್ಟು ತಾಯಿಗೆ ತಂಗಿಯ ಮಣ್ಣು ತಪ್ಪಿಸಿದವನನ್ನು ಆ ಬಳಗ ಇನ್ನು ಯಾವ ಮನೆಯ ಹೊಸ್ತಿಲೂ ದಾಟಗೊಡುವುದಿಲ್ಲ ಎಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಕನಕಮ್ಮನಿಗೂ ಗೊತ್ತಿತ್ತು. ಆನಂದ ಬಾಯಿ ತೆರೆದ.

"ಹೇಳಿದ," ಎಂದಳು ಕನಕಮ್ಮ. "ಮುಂಜಾನೆನೇ ಹೇಳಿದ. ನಡಿಯವ್ವ ಅಂತ ಎರಡು ಸಲ ಅಂದ. ನಾನೇ ಬರಲಿಲ್ಲ. ಕೂಸಿನ ಹುಟ್ಟುಹಬ್ಬ ಇತ್ತಪ್ಪ, ಮುಗೀಲಿ ಅಂದೆ."

ಮಲ್ಲೇಶ ಬಗ್ಗಿ ದೀಪದ ಬತ್ತಿ ಸರಿಮಾಡಿದ. ಬೈದಿದ್ದರೆ ಚೆನ್ನಾಗಿತ್ತು. ಆಯಿತು ಬಿಡು ಎಂದಷ್ಟೇ ಅಂದ. ನಾಳೆ ಮೂರನೆಯ ದಿನ, ಗೋರಿಗೆ ಹಾಲು ಹಾಕುವುದಿದೆ, ನೀನು ಬರಬೇಕೆಂದೇನಿಲ್ಲ, ಹಸೀನಾಬೀ ಇದ್ದಾಳೆ ಎಂದ. ಅವನ ಹೆಂಡತಿ ಎದ್ದು ಒಳಗೆ ಹೋದಳು. ಕನಕಮ್ಮ ಚರಿಗೆಯ ನೀರು ಕುಡಿದು, ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಬಸ್‍ಸ್ಟ್ಯಾಂಡಿನಲ್ಲಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಸಿಂಧನೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಆನಂದ ಕೈಬೆರಳು ಹಿಚುಕಿಕೊಳ್ಳುತ್ತ ಕೂತಿದ್ದವನು ಒಮ್ಮೆಲೇ ಎದ್ದು ನಿಂತ.

"ನಾ ಹೋಗಿ ಖರೇ ಹೇಳಿ ಬರ್ತೀನವ್ವ."

"ಬ್ಯಾಡ. ನಿನಗ ಒಡಹುಟ್ಟಿದವರು ಯಾರೂ ಇಲ್ಲ, ಮಲ್ಲೇಶ ಒಬ್ಬನೇ ಅದಾನ. ನನ್ನ ಮಣ್ಣಿಗೆ ಅವ ಬರಲಿಲ್ಲ ಅಂದ್ರೂ ನಡೀತೈತಿ. ನಿನ್ನ ಕಷ್ಟಕ್ಕ ಬರಬೇಕು."

ಆನಂದ ಮಲ್ಲೇಶನ ಓಣಿಯ ಕಡೆ ನೋಡಿದ. ಓಣಿ ಅಲ್ಲಿಂದ ಕಾಣುವಷ್ಟು ಹತ್ತಿರದಲ್ಲಿತ್ತು, ಬಸ್ಸಿಗೂ ಹೊತ್ತಿತ್ತು. ಅವನು ಮತ್ತೆ ಬೆಂಚಿನ ಮೇಲೆ ಕೂತ. ಕೂತಾಗ ಅವನ ಎದೆಯಿಂದ ಒಂದು ಉಸಿರು ಹಗುರಾಗಿ ಹೊರಬಿತ್ತು. ಕನಕಮ್ಮ ಅದನ್ನು ಕೇಳಿಸಿಕೊಂಡಳು, ಮತ್ತು ರಸ್ತೆಯ ಕಡೆ ಮುಖ ತಿರುಗಿಸಿ ಬಸ್ಸು ಕಾಯತೊಡಗಿದಳು.